ವಾರಕ್ಕೊಮ್ಮೆ ತೀರಿಕೊಳ್ಳುತ್ತಿದ್ದ ಹಾಸಿಗೆಯಂಗಡಿಯವನು

ನಮ್ಮ ಬೀದಿಯ ದಿವಂಗತ ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಲು ತರಲು ಹೋಗುತ್ತಾನೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಇದರಿಂದ ಸ್ವಲ್ಪ ಗಲಿಬಿಲಿ. "ದಿವಂಗತ ಸಿಕ್ಕಿದ್ದ, ನಿಮ್ಮ ಹಾಸಿಗೆ ಸಂಜೆಗೆ ಕೊಡ್ತಾನಂತೆ" ಎಂದು ಯಾರಾದರೂ ಹೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಅವರೂ ಹಾಗೆಯೇ ಕರೆಯುತ್ತಾರೆ. ಅವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದೆ. ಅದು ಈಗ ಕರೆಂಟ್ ಬಿಲ್ ಕೊಡಲು ಬರುವವನಿಗೆ ಮಾತ್ರ ಗೊತ್ತು.

ಕಸುಬಿನಲ್ಲಿ ಅವನು ಹಾಸಿಗೆ ಹೊಲಿಯುವವನು. ನನ್ನ ಗಡಿಯಾರ ರಿಪೇರಿ ಅಂಗಡಿಯೂ ಅವನ ಹಾಸಿಗೆಯಂಗಡಿಯೂ ಎದುರುಬದುರು. ಅವನು ಅರಳೆ ಹಿಂಜಲು ಕೂತರೆ ನನ್ನ ಗಡಿಯಾರಗಳಿಗೆಲ್ಲ ಅಕಾಲದಲ್ಲಿ ತಲೆ ನರೆಯುತ್ತದೆ. ಇಷ್ಟು ವರ್ಷ ಅವನು ಹಿಂಜಿದ್ದನ್ನೆಲ್ಲ ಒಮ್ಮೆಗೇ ಆಕಾಶಕ್ಕೆ ಬಿಟ್ಟಿದ್ದರೆ ಸೂರ್ಯ ತಿಂಗಳಗಟ್ಟಲೆ ರಜೆ ಹಾಕಿ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಅವನ ಹಾಸಿಗೆಯ ಮೇಲೆ ಮಲಗಿದವರು ಸುಲಭಕ್ಕೆ ಏಳುವುದಿಲ್ಲ. ಒಬ್ಬ ಗಿರಾಕಿ ಮೆತ್ತಗಿದೆಯೇ ಎಂದು ನೋಡಲು ಅಂಗಡಿಯಲ್ಲೇ ಮಲಗಿದ. ಅವನು ಏಳುವ ಹೊತ್ತಿಗೆ ಕಂಕುಳಲ್ಲಿ ಬಂದಿದ್ದ ಮಗನಿಗೆ ಮೀಸೆ ಮೂಡಿತ್ತು. ಇದು ಸ್ವಲ್ಪ ಹೆಚ್ಚಾಯಿತು ಎಂದು ನಿಮಗನ್ನಿಸಿದರೆ, ನೀವು ಆ ಹಾಸಿಗೆಯ ಮೇಲೆ ಮಲಗಿಲ್ಲ ಎಂದು ತಿಳಿಯುತ್ತೇನೆ.

ಅವನ ಕೆಲಸದಲ್ಲಿ ಒಂದು ಪದ್ಧತಿಯಿದೆ. ಹಾಸಿಗೆ ಮುಗಿದ ಕೂಡಲೇ ಹೊಲಿಗೆಯ ದಬ್ಬಳವನ್ನು ಗೋಡೆಗೆ ತೂಗುಹಾಕಿದ ಬಟ್ಟೆಗೆ ಚುಚ್ಚಿಟ್ಟು, ಹಾಸಿಗೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ನೀಟಾಗಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಾನೆ. ಉಸಿರಾಡಿದರೆ ಬೆನ್ನು ಅಲುಗುತ್ತದೆ, ಬೆನ್ನು ಅಲುಗಿದರೆ ಅರಳೆಯಲ್ಲಿ ಗಂಟು ಎಲ್ಲಿದೆಯೆಂದು ತಿಳಿಯುವುದಿಲ್ಲ. ಹಾಗೆ ಮಲಗಿದವನನ್ನು ನೋಡಿದರೆ ನನ್ನ ಗೋಡೆಯ ಗಡಿಯಾರಗಳು ಕೂಡ ಟಿಕ್ ಎನ್ನಲು ಸಂಕೋಚಪಡುತ್ತವೆ.

ಈ ಪದ್ಧತಿಯೇ ಅವನನ್ನು ದಿವಂಗತನನ್ನಾಗಿ ಮಾಡಿದ್ದು.

ನಾವಿಬ್ಬರೂ ಪ್ರಾಯದವರಾಗಿದ್ದ ಕಾಲ. ಊರಾಚೆಯ ಸ್ಟುಡಿಯೋದಲ್ಲಿ ಟಿವಿಗಾಗಿ 'ಇನ್ನೊಂದು ಮನೆ' ಎಂಬ ಧಾರಾವಾಹಿ ಶುರುವಾಗುವುದರಲ್ಲಿತ್ತು. ಧಾರಾವಾಹಿ ಎನ್ನುವುದು ಹೆಸರಿಗೆ ಮಾತ್ರ. ವಾರಕ್ಕೊಂದು ಹೊಸ ಮನೆ, ಹೊಸ ಸಂಸಾರ, ಹೊಸ ಕಥೆ. ಆ ಸಂಜೆ ಶುರುವಾಗಿ ಆ ಸಂಜೆಯೇ ಮುಗಿಯುವಂಥದ್ದು. ಮೊದಲು ಪರದೆಯೆಲ್ಲ ಕಪ್ಪು. ಒಂದು ಕಾಲಿಂಗ್ ಬೆಲ್ ಬಾರಿಸುತ್ತದೆ. ಬಾಗಿಲು ತೆರೆಯುತ್ತದೆ. ಅಷ್ಟಕ್ಕೇ ನಾವು ಕುರ್ಚಿಯ ಅಂಚಿಗೆ ಜರುಗುತ್ತಿದ್ದೆವು. ಕಥೆ ಬರೆಯುತ್ತಿದ್ದವರು ಒಬ್ಬರೇ, ಬಹಳ ಒಳ್ಳೆಯವರಂತೆ, ಆದರೆ ಒಂದು ಹೆಣ ಬೀಳದೆ ಅವರ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ.

ಮೊದಲ ಕಥೆಗೆ ಬೇಕಾದ ಹಾಸಿಗೆಯನ್ನು ಇವನಿಂದ ಹೊಲಿಸಿದರು. ಇವನು ಹೊತ್ತುಕೊಂಡು ಹೋಗಿ ಅಲ್ಲಿದ್ದ ಮಂಚದ ಮೇಲೆ ಹಾಸಿ, ಪದ್ಧತಿಯಂತೆ ಮಲಗಿ, ಉಸಿರು ಹಿಡಿದು ಗಂಟು ಹುಡುಕುತ್ತಿದ್ದ. ಅಷ್ಟರಲ್ಲಿ ನಿರ್ದೇಶಕರು ಬಂದರು. ಹೆಣ ಸಿದ್ಧವಾಗಿದೆ ಎಂದುಕೊಂಡು "ಆ್ಯಕ್ಷನ್" ಎಂದೇಬಿಟ್ಟರು. ನಟಿಯೊಬ್ಬಳು ಓಡಿ ಬಂದು ಇವನ ಎದೆಯ ಮೇಲೆ ಬಿದ್ದು ಅತ್ತಳು. ಪಾಪ, ಇವರ ಕಡೆ ಹಾಸಿಗೆ ಪರೀಕ್ಷಿಸುವ ರೀತಿ ಹೀಗೇ ಇರಬಹುದು ಎಂದುಕೊಂಡು ಇವನು ಅಲುಗಲಿಲ್ಲ. "ಕಟ್" ಎಂದು ಕೂಗಿದ ಮೇಲೆ ಕಣ್ಣುಬಿಟ್ಟು, "ಎಡಗಡೆ ಒಂದು ಗಂಟಿದೆ ಸರ್, ಬಿಚ್ಚಿ ಸರಿ ಮಾಡ್ಕೊಡ್ತೀನಿ" ಎಂದ. ನಿಜವಾಗಿ ಹೆಣವಾಗಬೇಕಿದ್ದ ನಟ ಆಗ ಹೊರಗೆ ತಿಂಡಿ ತಿನ್ನುತ್ತಿದ್ದ. ಅವನು ತಿಂಡಿ ತಿನ್ನುತ್ತಲೇ ಮನೆಗೆ ಹೋದ.

ಅಲ್ಲಿಂದ ಮುಂದೆ ವಾರಕ್ಕೊಂದು ಸಾವು. ಒಂದು ವಾರ ಎದೆನೋವು, ಒಂದು ವಾರ ಮೆಟ್ಟಿಲಿಂದ ಬಿದ್ದು, ಒಂದು ವಾರ ತಮ್ಮನೇ ಹಾಲಿಗೆ ಏನೋ ಬೆರೆಸಿ, ಇನ್ನೊಂದು ವಾರ ಕಾಣೆಯಾದ ಮಗಳು ವಾಪಸು ಬಂದ ಸಂತೋಷ ತಡೆಯಲಾರದೆ. ಮನೆ ಬದಲಾಗುತ್ತಿತ್ತು, ಮಂದಿ ಬದಲಾಗುತ್ತಿದ್ದರು, ಹೆಣ ಮಾತ್ರ ಅದೇ. ಒಮ್ಮೆ ಮೂಗಿನ ಮೇಲೆ ನೊಣ ಬಂದು ಕೂತಿತು. ಇವನು ಅಲುಗದ್ದನ್ನು ಕಂಡು ಆ ನೊಣವೇ ಗಾಬರಿಯಾಗಿ ತನ್ನವರನ್ನು ಕರೆತರಲು ಹೋಯಿತು. ಪೇಟೆಯಲ್ಲಿ ಇವನನ್ನು ಎದುರಿಗೆ ಕಂಡ ಹೆಂಗಸರ ಕೈಯಿಂದ ಚೀಲ ಬೀಳುತ್ತಿತ್ತು. ಬೀದಿಯಲ್ಲಿ ಸಿಕ್ಕವರು ಅವನ ಹೆಂಡತಿಗೆ, "ಈ ವಾರ ನಿಮ್ಮ ಯಜಮಾನ್ರು ತುಂಬಾ ಚೆನ್ನಾಗಿ ತೀರ್ಕೊಂಡ್ರು" ಎಂದು ಮನಸ್ಸು ತುಂಬಿ ಹೇಳುತ್ತಿದ್ದರು.

ಆಕೆ ಮಾತ್ರ ಯಾವ ವಾರವೂ ನೋಡುತ್ತಿರಲಿಲ್ಲ.

ಅವನು ನನಗಿಂತ ದೊಡ್ಡವನಾದ್ದರಿಂದ ಆಕೆ ನನಗೆ ಅತ್ತಿಗೆ. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ. ಹಾಸಿಗೆ ಗಂಡನದು, ದಿಂಬು ಹೆಂಡತಿಯದು. ಒಬ್ಬರ ಇಲಾಖೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಮೊದಲ ಕಥೆ ಬಂದ ಸಂಜೆ ಅವರು ಹೊಸದಾಗಿ ಮದುವೆಯಾದವರು. ಅಕ್ಕಪಕ್ಕದವರನ್ನೆಲ್ಲ ಕರೆದು, ಇದ್ದಬದ್ದ ಕುರ್ಚಿ ಹಾಕಿ, ಅತ್ತಿಗೆ ಟಿವಿಯ ಎದುರೇ ಕೂತಿದ್ದರು. ಬೆಲ್ ಬಾರಿಸಿತು, ಬಾಗಿಲು ತೆರೆಯಿತು, ಒಳಗೆ ಗಂಡ ಸತ್ತು ಮಲಗಿದ್ದ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅವನ ಮೇಲೆ ಬಿದ್ದು "ನನ್ನ ಬಿಟ್ಟು ಹೋದ್ರಾ" ಎಂದು ಗೋಳಾಡುತ್ತಿದ್ದಳು. ಅತ್ತಿಗೆ ಸುಮ್ಮನೆ ಎದ್ದು ಅಡುಗೆಮನೆಗೆ ಹೋದರು. ಇವನು ಹಿಂದೆಯೇ ಓಡಿದ.

"ಅದು ನಾಟಕ ಕಣೇ. ಆಕೆ ಯಾರೋ ನಟಿ."

"ಆಕೆ ಯಾರಾದ್ರೂ ಆಗಿರ್ಲಿ. ನೀವು ಸತ್ತಿರೋದನ್ನ ನಾನು ಕುರ್ಚಿ ಹಾಕ್ಕೊಂಡು ಕೂತು ನೋಡ್ಬೇಕಾ?"

"ನಾನು ಇಲ್ಲೇ ನಿಂತಿದ್ದೀನಲ್ಲ."

"ಇಲ್ಲಿ ನಿಂತಿರೋರನ್ನ ನೋಡ್ತೀನಿ. ಅಲ್ಲಿ ಮಲಗಿರೋರನ್ನ ನೋಡಲ್ಲ. ಅಲ್ಲಿ ಎದ್ದು ಕೂತ ದಿನ ಕರೀರಿ, ಬರ್ತೀನಿ."

ಇವನು ಒಮ್ಮೆ ಧೈರ್ಯ ಮಾಡಿ ನಿರ್ದೇಶಕರನ್ನು ಕೇಳಿಯೂ ನೋಡಿದ. "ಒಂದು ವಾರ, ಕೊನೇಲಿ, ಸ್ವಲ್ಪ ಎದ್ದು ಕೂತ್ಕೋಬಹುದಾ ಸರ್?" ಅವರು, "ನೀನು ಎದ್ದು ಕೂತ್ರೆ ಪೊಲೀಸಿನವರು ಎಲ್ಲಿಗೆ ಹೋಗ್ಬೇಕಪ್ಪ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಕೆಲವು ವರ್ಷಕ್ಕೆ 'ಇನ್ನೊಂದು ಮನೆ'ಯೂ ಮುಗಿಯಿತು. ಬರೆಯುವವರಿಗೆ ಕೊಲ್ಲಲು ಮನೆಗಳೇ ಉಳಿದಿರಲಿಲ್ಲ.

ಅವನು ಅದಕ್ಕಾಗಿ ಕೊರಗಿದವನಲ್ಲ. ಹಾಸಿಗೆ ಹೊಲಿದ, ಮಗಳನ್ನು ನರ್ಸ್ ಓದಿಸಿದ, ತಲೆ ಬೆಳ್ಳಗೆ ಮಾಡಿಕೊಂಡ. ಅದು ಅರಳೆಯೋ ಕೂದಲೋ ಎಂದು ಗಿರಾಕಿಗಳು ಊದಿ ನೋಡುತ್ತಿದ್ದರು. ಆದರೆ ಒಂದು ಸಲ ಚಹಾ ಕುಡಿಯುತ್ತಾ ನನ್ನ ಹತ್ತಿರ ಹೇಳಿದ್ದ: "ಊರಿಗೆಲ್ಲ ಕಾಣಿಸ್ಕೊಂಡೆ. ಅವಳೊಬ್ಬಳಿಗೆ ಕಾಣಿಸ್ಕೊಳ್ಲಿಲ್ಲ ನೋಡು." ಅಷ್ಟು ಹೇಳಿ ಲೋಟ ತೊಳೆಯಲು ಎದ್ದು ಹೋದ.

ಈಗ ಹೋದ ವರ್ಷ ಸುದ್ದಿ ಬಂತು. 'ಇನ್ನೊಂದು ಮನೆ' ಮತ್ತೆ ಬರುತ್ತದಂತೆ. ಹೊಸ ಮಂದಿ, ಹೊಸ ಕಥೆ, ಹೆಸರು ಮಾತ್ರ ಹಳೆಯದು.

ನಮ್ಮ ಬೀದಿಯಲ್ಲಿ ಹಳೆಯ ಧಾರಾವಾಹಿಯ ಪರಮಭಕ್ತನೆಂದರೆ ಕ್ಷೌರದಂಗಡಿಯವನು. ಹಳೆಯದನ್ನು ಹೊಗಳಲು ಕತ್ತರಿ ಕೆಳಗಿಟ್ಟನೆಂದರೆ ಅರ್ಧ ತಲೆಯ ಗಿರಾಕಿ ಮನೆಗೆ ಹೋಗಿ ಊಟ ಮುಗಿಸಿ ಬರಬಹುದು. ಹೊಸದು ಶುರುವಾದ ಮಾರನೆಯ ಬೆಳಗ್ಗೆಯೇ ಅವನ ಅಂಗಡಿಯಲ್ಲಿ ನ್ಯಾಯಾಲಯ ಸೇರಿತು.

"ಎಲ್ಲರ ಮನೇಲೂ ಅಷ್ಟು ಕತ್ತಲೆ ಯಾಕೆ?" ಎಂದ ಕ್ಷೌರದವನು. "ಒಂದು ಬಲ್ಬ್ ಹಾಕಿಸ್ಕೊಳ್ಳೋಕೆ ಯಾರಿಗೂ ಗತಿ ಇಲ್ವಾ?"

"ಅದು ಕಥೆಗೆ ತಕ್ಕ ಬೆಳಕು ಮಾವ" ಎಂದಳು ದಿವಂಗತನ ಮಗಳು. ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ ಅವಳು ದಿನಾ ಅಲ್ಲಿ ನಿಂತು ಅವನನ್ನು ಕೆಣಕದೆ ಮನೆಗೆ ಹೋಗುವವಳಲ್ಲ.

"ಮಾತಾಡೋದಾದ್ರೂ ಕೇಳುತ್ತಾ? ಪಕ್ಕದ ಮನೆಯವರ ಮೇಲೆ ಚಾಡಿ ಹೇಳೋ ಹಾಗೆ ಪಿಸುಪಿಸು. ನಮ್ಮ ಕಾಲದ್ರಲ್ಲಿ ಗಂಡ ಹೆಂಡತಿ ಜಗಳ ಆಡಿದ್ರೆ ಟಿವಿ ಮೇಲಿಟ್ಟ ಹೂದಾನಿ ಅಲ್ಲಾಡ್ತಿತ್ತು."

"ಹೊಸದ್ರಲ್ಲಿ ಜನ ಜನರ ಹಾಗೆ ಮಾತಾಡ್ತಾರೆ."

"ಜನರ ಹಾಗೆ ಮಾತಾಡೋದನ್ನ ಕೇಳೋಕೆ ಟಿವಿ ಯಾಕೆ, ಬಾಗಿಲು ತೆಗೆದ್ರೆ ಸಾಕು. ಅದೆಲ್ಲ ಇರ್ಲಿ, ಹೆಣ ಎಲ್ಲಿ?"

ಅದೇನೋ ನಿಜ. ಹೊಸ 'ಇನ್ನೊಂದು ಮನೆ'ಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಲ್ಲರೂ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು. ಒಬ್ಬಳು ಎಷ್ಟು ಹೊತ್ತು ನೋಡಿದಳೆಂದರೆ, ನಾನು ಒಂದು ಕೈಗಡಿಯಾರ ಬಿಚ್ಚಿ, ತೊಳೆದು, ಜೋಡಿಸಿ, ಪಟ್ಟಿ ಹಾಕಿ ತಲೆಯೆತ್ತಿದಾಗಲೂ ನೋಡುತ್ತಲೇ ಇದ್ದಳು.

ಜಗಳ ತೀರಲಿ ಎಂದು ಮಗಳು ಒಂದು ಸಂಜೆ ಹಳೆಯ ಕಥೆಯೊಂದನ್ನು ಎಲ್ಲಿಂದಲೋ ಹುಡುಕಿ ತನ್ನ ಕಂಪ್ಯೂಟರಿನಲ್ಲಿ ತಂದಳು. ಕ್ಷೌರದಂಗಡಿಯ ಕನ್ನಡಿಯ ಮುಂದೆ ಅದನ್ನಿಟ್ಟು ಬೀದಿಯೆಲ್ಲ ಕೂತೆವು. ಬೆಲ್ ಬಾರಿಸಿದ್ದೇ ಎಲ್ಲರ ಬೆನ್ನೂ ನೆಟ್ಟಗಾಯಿತು. ಬಾಗಿಲು ತೆರೆಯಿತು. ಬಾಗಿಲಿನ ಜತೆ ಗೋಡೆಯೂ ಸ್ವಲ್ಪ ತೆರೆಯಿತು. ಊರಿಗೇ ಶ್ರೀಮಂತರ ಬಂಗಲೆ, ಒಳಗೆ ಯಾರಾದರೂ ಜೋರಾಗಿ ನಡೆದರೆ ಒಣಹಾಕಿದ ಬಟ್ಟೆಯ ಹಾಗೆ ಅಲೆಯಾಡುತ್ತಿತ್ತು. ಮಾತು ಮರೆತ ನಟ ಕಿಟಕಿಯಾಚೆ ನೋಡಿ ಯಾರೋ ಹೇಳಿಕೊಟ್ಟದ್ದನ್ನು ಕೇಳಿ ಮುಂದುವರಿಸಿದ. ಆ ಕಾಲದಲ್ಲಿ ನಮ್ಮ ನಿದ್ದೆಯನ್ನು ವಾರಗಟ್ಟಲೆ ಕೆಡಿಸಿದ್ದ ಕೊಲೆಗಾರ ಯಾರೆಂದು, ಅವನು ಒಳಗೆ ಬಂದು ಚಪ್ಪಲಿ ಬಿಡುವಾಗಲೇ ಮಗಳು ಹೇಳಿಬಿಟ್ಟಳು.

ಮುಗಿದ ಮೇಲೆ ಕ್ಷೌರದವನು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ.

"ಆಗ ಟಿವಿ ಚಿಕ್ಕದಿತ್ತು" ಎಂದ ಕ್ಷೌರದವನು. "ಗೋಡೆ ಅಲ್ಲಾಡೋದು ಅಷ್ಟಾಗಿ ಕಾಣ್ತಿರ್ಲಿಲ್ಲ."

"ಅಪ್ಪ ಒಬ್ನೇ ಅಲ್ಲಾಡಿಲ್ಲ" ಎಂದಳು ಮಗಳು.

ಎಲ್ಲರೂ ದಿವಂಗತನ ಕಡೆ ತಿರುಗಿ ತಲೆಯಾಡಿಸಿದರು. ಅವನು ಮುಗುಳ್ನಕ್ಕ, ಆದರೆ ಅವನ ಕಿವಿ ಬೀದಿಯಾಚೆ ಇತ್ತು. ಅತ್ತಿಗೆಯ ಯಂತ್ರ ಅಲ್ಲಿ ಒಂದೇ ಸಮನೆ ಕಟಕಟ ಎನ್ನುತ್ತಿತ್ತು. ಒಂದು ಕ್ಷಣವೂ ಅದು ನಿಂತಿರಲಿಲ್ಲ.

ಇದಾದ ಕೆಲವು ದಿನಕ್ಕೆ ಅವನ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಹೊಸದನ್ನು ನಿರ್ದೇಶಿಸುತ್ತಿದ್ದ ಹೆಣ್ಣುಮಗಳು ತಾನೇ ಇಳಿದು ಬಂದಳು. ಹಾಸಿಗೆ ಕೊಳ್ಳಲು ಬಂದವಳೆಂದು ಇವನು ಬಟ್ಟೆ ತೋರಿಸಲು ಹೊರಟರೆ, ಅವಳು ಅವನನ್ನೇ ನೋಡುತ್ತಾ ನಿಂತಳು.

"ಚಿಕ್ಕವಳಿದ್ದಾಗ ನಿಮ್ಮನ್ನ ಟಿವೀಲಿ ನೋಡಿದ್ರೆ ನಾನು ಮಂಚದ ಕೆಳಗೆ ಸೇರ್ಕೊಳ್ತಿದ್ದೆ ಸರ್."

ಅವನ ಮುಖ ಊರಗಲವಾಯಿತು. "ತುಂಬಾ ಸಂತೋಷ ಕಣಮ್ಮ. ಹೇಳು, ಈ ಸಲ ಹೇಗೆ ಸಾಯ್ಬೇಕು?"

"ಸಾಯೋದು ಬೇಡ ಸರ್. ಈ ಸಲ ನೀವು ಏಳ್ಬೇಕು."

ಹಿಂಬದಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

ಕಥೆಯನ್ನು ಅವಳು ಅಲ್ಲೇ ಅರಳೆಯ ಮೂಟೆಯ ಮೇಲೆ ಕೂತು ಹೇಳಿದಳು. ಒಂದು ಮನೆ. ಆರಾಮ ಕುರ್ಚಿಯಲ್ಲಿ ಕಣ್ಣುಮುಚ್ಚಿದ ಅಜ್ಜ. ನಿದ್ದೆ ಮಾಡುತ್ತಿದ್ದಾನೆಂದು ನಂಬಿ ಮಗ, ಸೊಸೆ, ಮೊಮ್ಮಗಳು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ಕೂತು ಯಾರಿಗೂ ಹೇಳದ ಗುಟ್ಟು ಹೇಳಿಕೊಳ್ಳುತ್ತಾರೆ. ನೋಡುವವರು, ಈ ಮುಖ ಕಂಡ ಕೂಡಲೇ, ಅಯ್ಯೋ ಇವನಾ, ಮುಗಿಯಿತು ಬಿಡು ಎಂದುಕೊಳ್ಳಬೇಕು. ಕೊನೆಯಲ್ಲಿ ಅಜ್ಜ ಕಣ್ಣುಬಿಟ್ಟು, ಎದ್ದು, "ಎಲ್ಲಾ ಕೇಳಿಸ್ಕೊಂಡೆ. ಮೊದ್ಲು ಊಟ ಮಾಡೋಣ, ಆಮೇಲೆ ಜಗಳ" ಎನ್ನಬೇಕು.

ಅವಳು ಹೋದ ಮೇಲೆ ಅತ್ತಿಗೆ ಬಾಗಿಲಿಗೆ ಬಂದರು. ಕೈಯಲ್ಲಿ ಅರ್ಧ ಹೊಲಿದ ದಿಂಬಿನ ಚೀಲ.

"ಏಳ್ತೀರಂತೆ."

"ಹೌದಂತೆ."

"ನೋಡೋಣ" ಎಂದು ಒಳಗೆ ಹೋದರು. ಆ ರಾತ್ರಿಯಿಂದ ಅವನು ದಿನಾ ನನ್ನ ಅಂಗಡಿಯಲ್ಲಿ ಕೂತು ಆ ಮಾತನ್ನು ಉರುಹೊಡೆದ. ಎಷ್ಟು ಹೊಡೆದನೆಂದರೆ ನನ್ನ ಕೋಗಿಲೆ ಗಡಿಯಾರ ಮಧ್ಯಾಹ್ನ ಹೊರಗೆ ಬಂದು ಕುಹೂ ಎನ್ನುವ ಬದಲು "ಮೊದ್ಲು ಊಟ" ಎಂದಿತು.

ಶೂಟಿಂಗಿನ ದಿನ ಧೈರ್ಯಕ್ಕೆಂದು ನಾನೂ ಹೋದೆ. ಅತ್ತಿಗೆ ಬರುವುದಿಲ್ಲ ಎಂದವರು, ಆ ಕುರ್ಚಿಗೆ ಬೆನ್ನು ನೋಯುತ್ತದೆ ಎಂದು ತಾವೇ ಹೊಲಿದ ದಿಂಬೊಂದನ್ನು ಹಿಡಿದು ಹೊರಟೇಬಿಟ್ಟರು. ಆದರೆ ಒಳಗೆ ಕಾಲಿಡಲಿಲ್ಲ. "ಏಳೋದನ್ನ ಟಿವೀಲೇ ನೋಡ್ತೀನಿ. ಅದಕ್ಕೆ ಮೊದ್ಲು ಮಲಗಿರೋದನ್ನ ನೋಡಲ್ಲ" ಎಂದು ಹೊರಗಿನ ಬೆಂಚಿನಲ್ಲಿ ಕೂತರು.

ಒಳಗೆ ದೀಪ ಹೊತ್ತಿತು. ನಿರ್ದೇಶಕಿ "ಆ್ಯಕ್ಷನ್" ಎಂದಳು. ಅವನು ಕಣ್ಣುಮುಚ್ಚಿದ, ಉಸಿರು ನಿಲ್ಲಿಸಿದ, ಮುಖದಿಂದ ಸಂಸಾರವೆಲ್ಲ ಇಳಿದು ಹೋಯಿತು. ಅದೇ ಹಳೆಯ ಹೆಣ. ಹೊಸ ಹುಡುಗರು ಬಾಯಿ ತೆರೆದು ನೋಡಿದರು. ಮಗ ಬಂದು ಗುಟ್ಟು ಹೇಳಿದ, ಸೊಸೆ ಹೇಳಿದಳು, ಮೊಮ್ಮಗಳು ಹೇಳಿದಳು. ಈಗ ಏಳಬೇಕು.

ಅವನು ಏಳಲಿಲ್ಲ.

ಎಲ್ಲರೂ ಕಾದರು. ನಡುವೆ ಅವನು ಸದ್ದಿಲ್ಲದೆ ಒಂದು ಉಸಿರು ಕದ್ದು ಮತ್ತೆ ಕಲ್ಲಾದ. ಕೊನೆಗೆ ನಿರ್ದೇಶಕಿ "ಕಟ್" ಎಂದದ್ದೇ, ಇವನು ಕಣ್ಣುಬಿಟ್ಟು, ಅರಳಿದ ಮುಖದಲ್ಲಿ ಎದ್ದು, "ಎಲ್ಲಾ ಕೇಳಿಸ್ಕೊಂಡೆ. ಮೊದ್ಲು ಊಟ ಮಾಡೋಣ" ಎಂದು ಎಷ್ಟು ಸೊಗಸಾಗಿ ಹೇಳಿದನೆಂದರೆ ಅದನ್ನು ಹಿಡಿಯಲು ಕ್ಯಾಮೆರಾ ಮಾತ್ರ ಓಡುತ್ತಿರಲಿಲ್ಲ.

"ಸರ್, ಅದನ್ನೇ ಸ್ವಲ್ಪ ಮುಂಚೆ ಹೇಳ್ಬೇಕು."

"ಗೊತ್ತಮ್ಮ. ಗೊತ್ತಿದ್ದೂ ಆಗ್ತಿಲ್ಲ. 'ಆ್ಯಕ್ಷನ್' ಅಂದ್ರೆ ನನ್ನ ಮೈ 'ಕಟ್' ಅನ್ನೋವರೆಗೂ ನನ್ನ ಮಾತು ಕೇಳಲ್ಲ."

ಮತ್ತೆ ಮಾಡಿದರು. ಮತ್ತೆ ಸತ್ತ. ಕ್ಯಾಮೆರಾ ನಿಲ್ಲಿಸದೆ ಸುಳ್ಳುಸುಳ್ಳೇ "ಕಟ್" ಎನ್ನೋಣ ಎಂದು ಯಾರೋ ಉಪಾಯ ಹೇಳಿದರು. ನಿರ್ದೇಶಕಿ ಎಲ್ಲರಿಗೂ ಮೊದಲೇ ತಿಳಿಸಿ "ಕಟ್" ಎಂದಳು. ತಿಳಿಸಿದ್ದರೂ ದೀಪದವನು ಅಭ್ಯಾಸಬಲದಿಂದ ದೀಪ ಆರಿಸಿದ, ಸೊಸೆ ಆಕಳಿಸಿದಳು, ಮೊಮ್ಮಗಳು ಫೋನ್ ತೆಗೆದಳು. ಕತ್ತಲೆಯಲ್ಲಿ ಇವನೊಬ್ಬನೇ ಎದ್ದು ನಿಂತು ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದ. "ಆ್ಯಕ್ಷನ್" ಎನ್ನದೆ ಕೈಸನ್ನೆ ಮಾಡಿ ನೋಡಿದರು. ದೀಪ ಹೊತ್ತಿದ್ದೇ ಸಾಕಾಯಿತು ಅವನಿಗೆ. ಹೀಗೆ ಅವನು ಅಂದು ಬೆಳಗಿನಿಂದ ಸತ್ತದ್ದು ಹಳೆಯ ಧಾರಾವಾಹಿಯ ಒಂದು ವರ್ಷದ ಲೆಕ್ಕವನ್ನು ಮೀರಿಸಿತು.

ನಿರ್ದೇಶಕಿ ಒಳ್ಳೆಯವಳು, ಮುಖ ಸಿಂಡರಿಸಲಿಲ್ಲ. ಆದರೆ ಮೂಲೆಗೆ ಹೋಗಿ ತನ್ನವರ ಜತೆ ಮೆಲ್ಲಗೆ ಮಾತಾಡಿದಳು. ಏಳುವ ಭಾಗ ಬಿಟ್ಟು, ಅಜ್ಜ ತೀರಿಹೋಗಿದ್ದ ಎಂದೇ ಕಥೆ ಮುಗಿಸಿದರೆ ಹೇಗೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಅವನ ಕಿವಿಗೂ ಬಿದ್ದಿತ್ತು. ಕುರ್ಚಿಯಲ್ಲಿ ಕೂತು ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ.

"ಇನ್ನೊಂದ್ಸಲ ನೋಡಮ್ಮ" ಎಂದ. "ಒಂದೇ ಸಲ."

ಮತ್ತೆ ದೀಪ, ಮತ್ತೆ "ಆ್ಯಕ್ಷನ್", ಮತ್ತೆ ಕಲ್ಲು. ಮಗ ಹೇಳಿದ, ಸೊಸೆ ಹೇಳಿದಳು, ಮೊಮ್ಮಗಳು ಹೇಳಿ ಮುಗಿಸಿ ಮೂಗು ಒರೆಸಿಕೊಂಡಳು. ಆಗ ಬಾಗಿಲಾಚೆಯಿಂದ, ನಮ್ಮ ಬೀದಿಯ ಆ ತುದಿಗೂ ಕೇಳುವಂಥ ಮನೆಯ ದನಿಯೊಂದು ಬಂತು.

"ಏನ್ರೀ, ಮಾತ್ರೆ ತಗೊಳ್ಳೋ ಹೊತ್ತಾಯ್ತು. ಸಾಕು, ಏಳಿ."

"ಬಂದೆ" ಎಂದು ಅವನು ಕಣ್ಣುಬಿಟ್ಟು ಎದ್ದ.

ಎದ್ದಮೇಲೆ ತಾನು ಎದ್ದಿರುವುದು ಅವನಿಗೇ ತಿಳಿಯಿತು. ಎದುರಿಗೆ ಮಗ, ಸೊಸೆ, ಮೊಮ್ಮಗಳು ನಿಜವಾಗಿಯೇ ಹೆದರಿ ನಿಂತಿದ್ದರು. ಅವರ ಮುಖ ನೋಡಿ ಅವನಿಗೆ ಮಾತು ನೆನಪಾಯಿತು. "ಎಲ್ಲಾ ಕೇಳಿಸ್ಕೊಂಡೆ" ಎಂದ. "ಮೊದ್ಲು ಊಟ ಮಾಡೋಣ, ಆಮೇಲೆ ಜಗಳ."

ದೀಪದವನು ದೀಪ ಆರಿಸುವುದನ್ನೂ ಮರೆತಿದ್ದ.

ನಿರ್ದೇಶಕಿ ಹೊರಗೆ ಓಡಿದಳು. ಅತ್ತಿಗೆ ಕೈಯಲ್ಲಿ ಮಾತ್ರೆ, ನೀರಿನ ಬಾಟಲಿ ಹಿಡಿದು ತಪ್ಪು ಮಾಡಿದವರ ಹಾಗೆ ನಿಂತಿದ್ದರು.

"ಕೆಲಸ ಕೆಡಿಸಿಬಿಟ್ನಾ? ಹೊತ್ತು ಮೀರಿದ್ರೆ ಅವ್ರಿಗೆ ತಲೆ ಸುತ್ತುತ್ತೆ ಕಣಮ್ಮ, ಅದಕ್ಕೆ ಕೂಗ್ದೆ."

"ಅಮ್ಮ, ಇನ್ನೊಂದು ಸಲ ಹಾಗೇ ಕೂಗ್ತೀರಾ? ಮಾತ್ರೆ ಬೇಡ, 'ಏನ್ರೀ, ಏಳಿ' ಅಂದ್ರೆ ಸಾಕು. ನೀವು ಒಳಗೆ ಬರೋದೂ ಬೇಡ, ನೋಡೋದೂ ಬೇಡ."

"ನೋಡೋದು ಬೇಡ ಅಂದ್ರೆ ಕೂಗ್ತೀನಿ" ಎಂದರು ಅತ್ತಿಗೆ. "ಮೊದ್ಲು ಅವರಿಗೆ ಮಾತ್ರೆ ಕೊಟ್ಟು ಬಾ."

ಆ ಕಥೆ ಟಿವಿಯಲ್ಲಿ ಬಂದ ಸಂಜೆ ದಿವಂಗತನ ಮನೆಯಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಕುರ್ಚಿ ಸಾಲದೆ ಹೊಸ ಹಾಸಿಗೆಗಳನ್ನೇ ಹಾಸಿದ್ದರು. ಒಂದಿಬ್ಬರು ಬೆಲ್ ಬಾರಿಸುವ ಮೊದಲೇ ನಿದ್ದೆಹೋದರು. ಅತ್ತಿಗೆ ಅಂದಿನ ಹಾಗೆಯೇ ಎದುರು ಕೂತಿದ್ದರು, ಪಕ್ಕದಲ್ಲಿ ಗಂಡ. ಬೆಲ್ ಬಾರಿಸಿತು. ಬಾಗಿಲು ತೆರೆಯಿತು. ಗೋಡೆ ಅಲುಗಲಿಲ್ಲ.

ಕುರ್ಚಿಯಲ್ಲಿ ಅವನ ಮುಖ ಕಂಡದ್ದೇ ಕ್ಷೌರದವನು "ಮುಗೀತು, ಹೋದ" ಎಂದು ತೃಪ್ತಿಯಿಂದ ಹೇಳಿದ. ಮಗ ಬಂದು ಗುಟ್ಟು ಹೇಳಿದ. ಸೊಸೆ ಬಂದಳು. ಪರದೆಯ ಮೇಲೆ ಆ ಮುಖ ಹತ್ತಿರ ಹತ್ತಿರ ಬಂತು. ಅಷ್ಟು ದೊಡ್ಡ ಟಿವಿಯಲ್ಲಿ, ಅಷ್ಟು ಹತ್ತಿರದಿಂದ, ಒಂದು ರೆಪ್ಪೆಯೂ ಅಲುಗದೆ. ಅತ್ತಿಗೆ ಬೆರಳು ಹಿಸುಕಿಕೊಳ್ಳುತ್ತಿದ್ದರು. ಎದ್ದೇ ಏಳುತ್ತಾನೆಂದು ಅವರಿಗೆ ಗೊತ್ತು, ತಾವೇ ಕೂಗಿದ್ದು ಗೊತ್ತು. ಆದರೂ ಮೊಮ್ಮಗಳು ಅವನ ತಣ್ಣನೆಯ ಕೈ ಹಿಡಿದು ಅಳತೊಡಗಿದಾಗ ಅವರು ಎದ್ದುಬಿಟ್ಟರು.

"ಎಲ್ಲಿಗೆ?" ಎಂದ ಅವನು.

"ಹಾಲು ಉಕ್ಕುತ್ತೆ" ಎಂದು ಅಡುಗೆಮನೆಯ ಕಡೆ ನಡೆದರು. ಒಲೆಯ ಮೇಲೆ ಹಾಲು ಇರಲಿಲ್ಲ. ಅವನು ಹಿಂದೆ ಹೋಗಲೂ ಇಲ್ಲ, ತಡೆಯಲೂ ಇಲ್ಲ. ಸಣ್ಣಗಾಗಿ ಕುರ್ಚಿಗೆ ಒರಗಿದ. ಅತ್ತಿಗೆ ಹೊಸಿಲಿಗೆ ಒಂದು ಕಾಲಿಟ್ಟಿದ್ದರು. ಆಗ ಹಿಂದಿನಿಂದ, ಅವರದೇ ದನಿ ಟಿವಿಯೊಳಗಿಂದ ಕೂಗಿತು.

"ಏನ್ರೀ, ಏಳಿ."

ಅತ್ತಿಗೆ ತಿರುಗಿದರು. ಪರದೆಯ ಮೇಲೆ ಅವರ ಗಂಡ "ಬಂದೆ" ಎಂದು ಕಣ್ಣುಬಿಟ್ಟು ಎದ್ದ. ಹಾಸಿಗೆಯ ಮೇಲೆ ಮಲಗಿದ್ದವರೂ ಎದ್ದು ಕೂತರು. ಯಾರೋ ಚಪ್ಪಾಳೆ ತಟ್ಟಿದರು. ಅತ್ತಿಗೆ ಹೊಸಿಲ ಮೇಲೆಯೇ ನಿಂತು ಕೊನೆಯವರೆಗೂ ನೋಡಿದರು. ಅವನು ಸಂಸಾರವನ್ನೆಲ್ಲ ಊಟಕ್ಕೆ ಕೂರಿಸಿದ್ದನ್ನು, ಬಡಿಸಿದ್ದನ್ನು, ಬಾಗಿಲು ಮುಚ್ಚಿದ್ದನ್ನು, ಆಮೇಲೆ ಬಂದ ಹೆಸರುಗಳನ್ನೂ.

"ಇಷ್ಟು ವರ್ಷ ಒಂದು ಸಲ ಕೂಗಿದ್ರೆ ಆಗ್ತಿತ್ತಾ?" ಎಂದರು.

"ನೀನು ನೋಡೋಕೇ ಬರ್ಲಿಲ್ವಲ್ಲ" ಎಂದ ಅವನು.

ಚಹಾ ಕುಡಿಯುವಾಗ ತೀರ್ಪು ಶುರುವಾಯಿತು. ಚೆನ್ನಾಗಿತ್ತು, ಆದರೆ ಹಳೆಯದರ ಮುಂದೆ ನಿಲ್ಲುವುದಿಲ್ಲ, ಹೆಣ ಏಳುವುದು ಧರ್ಮವಲ್ಲ ಎಂದ ಕ್ಷೌರದವನು. ಈ ಒಂದು ಕಥೆ ಹಳೆಯವನ್ನೆಲ್ಲ ಮೀರಿಸಿತು ಎಂದಳು ಮಗಳು. ಹಳೆಯದರಲ್ಲಿ ಇಷ್ಟು ಒಳ್ಳೆಯ ಕುರ್ಚಿ ಇರಲಿಲ್ಲ ಎಂದು ನಾನೂ ನನ್ನ ಪಾಲಿ‍ನದು ಸೇರಿಸಿದೆ. ಕೊನೆಗೆ ಅತ್ತಿಗೆಯನ್ನು ಕೇಳಿದೆವು.

"ಹಳೇದು ನಾನು ನೋಡಿಲ್ಲ" ಎಂದರು. "ಹೊಸದ್ರಲ್ಲಿ ನಮ್ಮನೆಯವ್ರು ಏಳ್ತಾರೆ." ಕ್ಷೌರದವನು ಖಾಲಿ ಲೋಟ ಮುಂದೆ ಮಾಡಿ ಇನ್ನೊಂದು ಚಹಾ ಕೇಳಿದ.

ಈಗ ಹಳೆಯ ಕಥೆಗಳನ್ನೆಲ್ಲ ಮಗಳು ಟಿವಿಗೆ ಹಾಕಿಕೊಟ್ಟಿದ್ದಾಳೆ. ರಜೆಯ ಮಧ್ಯಾಹ್ನ ಅತ್ತಿಗೆ ಒಂದೊಂದೇ ನೋಡುತ್ತಾರೆ, ಎದೆನೋವಿನದು, ಮೆಟ್ಟಿಲಿನದು, ಹಾಲಿನದು. ಗೋಡೆ ಅಲ್ಲಾಡಿದರೆ ನಗುತ್ತಾರೆ. ಎದೆಯ ಮೇಲೆ ಬಿದ್ದು ಅಳುವವಳನ್ನು ಕಂಡರೆ, "ಸ್ವಲ್ಪ ದೂರ ನಿಂತು ಅಳೋಕಾಗಲ್ವಾ ಇವಳಿಗೆ" ಎನ್ನುತ್ತಾರೆ. ಕೊನೆಯಲ್ಲಿ ಪರದೆ ಕಪ್ಪಾಗುವ ಮೊದಲು, ಮಲಗಿರುವ ಆ ಪ್ರಾಯದ ಹುಡುಗನಿಗೆ ಕೇಳುವಂತೆ ಕೂಗುತ್ತಾರೆ:

"ಏನ್ರೀ, ಸಾಕು, ಏಳಿ."

ಪಕ್ಕದ ಕುರ್ಚಿಯಲ್ಲಿ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂತಿದ್ದವನು "ಬಂದೆ" ಎಂದು ಎದ್ದು, ಚಹಾಕ್ಕೆ ನೀರಿಡಲು ಹೋಗುತ್ತಾನೆ.